ಲಕ್ಷುರಿ ಕಾರಿನ ರೀಸೇಲ್ ಬೆಲೆ: ಲೀಸ್ ಮತ್ತು ತಯಾರಿಕೆ ಸಂಖ್ಯೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಥಾಣೆಯಲ್ಲಿದ್ದುಕೊಂಡು ಹದಿನೆಂಟು ವರ್ಷದಿಂದ ಹಳೆ ಕಾರು ಕೊಡಿಸುವ, ಮಾರಿಸುವ ಕೆಲಸ ಮಾಡುತ್ತಿದ್ದೇನೆ. ಗಿರಾಕಿಗಳಲ್ಲಿ ಅರ್ಧಕ್ಕರ್ಧ ನಮ್ಮವರೇ. ಮಾಟುಂಗ, ಘಾಟ್ಕೋಪರ್, ಡೊಂಬಿವಿಲಿ ಕಡೆಯ ಹೋಟೆಲಿನವರು, ಬ್ಯಾಂಕಿನವರು, ಪುಣೆಯ ಹಿಂಜೆವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹುಡುಗರು. ಫೋನಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಸಂಘದ ಕಾರ್ಯಕ್ರಮ ಮುಗಿದು ಚಪ್ಪಲಿ ಹುಡುಕುವಾಗ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಎಲ್ಲರಿಗೂ ಬಿಡಿ ಬಿಡಿಯಾಗಿ ಹೇಳುವ ಬದಲು ಒಂದೇ ಕಡೆ ಬರೆದಿದ್ದೇನೆ.

ದೊಡ್ಡ ಕಾರು ಮೂರು ವರ್ಷಕ್ಕೆ ಅರ್ಧ ಬೆಲೆಗೆ ಇಳಿಯುತ್ತೆ ಅಂತಾರೆ. ನಿಜನಾ?

ಬಹಳ ಸಲ ನಿಜ. ಆದರೆ ಎಲ್ಲ ಕಾರಿಗೂ ಅಲ್ಲ. ಒಂದೇ ಬೆಲೆಗೆ, ಒಂದೇ ತಿಂಗಳಲ್ಲಿ ತಗೊಂಡ ಎರಡು ಕಾರುಗಳಲ್ಲಿ ಒಂದು ಅರ್ಧಕ್ಕೆ ಇಳಿದಿರುತ್ತೆ, ಇನ್ನೊಂದು ಮುಕ್ಕಾಲು ಭಾಗ ಉಳಿಸಿಕೊಂಡಿರುತ್ತೆ. ಬಾನೆಟ್ ಮೇಲಿನ ಲಾಂಛನ ನೋಡಿದರೆ ಈ ವ್ಯತ್ಯಾಸ ಅರ್ಥ ಆಗಲ್ಲ. ನೀವು ಮಾರಲು ಹೊರಟ ವಾರದಲ್ಲಿ ನಿಮ್ಮ ಕಾರಿನ ಥರದ್ದೇ ಇನ್ನೆಷ್ಟು ಕಾರು ಮಾರಾಟಕ್ಕೆ ನಿಂತಿವೆ, ಅದಕ್ಕೆ ಕಾಯುತ್ತಿರುವವರು ಎಷ್ಟು ಜನ, ಅದನ್ನು ನೋಡಬೇಕು. ಲೀಸ್ ಮತ್ತು ತಯಾರಿಕೆ ಸಂಖ್ಯೆ (ಆ ಮಾಡೆಲ್ ಒಟ್ಟು ಎಷ್ಟು ತಯಾರಾಗಿದೆ ಅನ್ನೋದು) ಎರಡೂ ಬಂದು ಸೇರೋದು ಇಲ್ಲಿಗೇ.

ಲೀಸ್ ಅಂದರೆ ಏನು? ಬಾಡಿಗೆಯಾ, ಸಾಲವಾ?

ಬಾಡಿಗೆಗೇ ಹತ್ತಿರ. ಕಾರು ಲೀಸ್ ಕಂಪನಿಯದ್ದು, ಓಡಿಸುವವರು ನೀವು. ಕಾರಿನ ಪೂರ್ತಿ ಬೆಲೆ ನೀವು ಕಟ್ಟುವುದಿಲ್ಲ, ನಿಮ್ಮ ಕೈಯಲ್ಲಿರುವಾಗ ಅದು ಕಳೆದುಕೊಳ್ಳುವ ಬೆಲೆಯನ್ನು ಮಾತ್ರ ಕಟ್ಟುತ್ತೀರಿ, ಮೇಲೆ ಬಡ್ಡಿ ಮತ್ತು ಜಿಎಸ್‌ಟಿ. ಹಾಗಾಗಿ ಮೂರು ವರ್ಷ ಆದಮೇಲೆ ಈ ಕಾರಿಗೆ ಎಷ್ಟು ಬರುತ್ತೆ ಅಂತ ಯಾರೋ ಇವತ್ತೇ ಊಹಿಸಿ ಬರೆಯಬೇಕಾಗುತ್ತೆ. ಅದಕ್ಕೆ ರೆಸಿಡ್ಯುಯಲ್ ವ್ಯಾಲ್ಯೂ ಅಂತಾರೆ.

ಸುಮ್ನೆ ಲೆಕ್ಕಕ್ಕೆ ಒಂದು ಉದಾಹರಣೆ ನೋಡಿ. ಕಾರು 70 ಲಕ್ಷ. ಮೂರು ವರ್ಷಕ್ಕೆ 50 ಪರ್ಸೆಂಟ್ ಉಳಿಯುತ್ತೆ ಅಂತ ಬರೆದರು ಅಂದುಕೊಳ್ಳಿ, ಅಂದರೆ 35 ಲಕ್ಷ. ಉಳಿದ 35 ಲಕ್ಷವನ್ನು 36 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 97,200. ಲೀಸ್ ಕಂಪನಿಯ ಹಣ ಸರಾಸರಿ ಸಿಕ್ಕಿಬಿದ್ದಿರುವುದು 70 ಮತ್ತು 35ರ ನಡುವಿನ 52.5 ಲಕ್ಷ, ಅದಕ್ಕೆ ವರ್ಷಕ್ಕೆ 10 ಪರ್ಸೆಂಟ್ ಬಡ್ಡಿ ಹಾಕಿದರೆ ತಿಂಗಳಿಗೆ ಸುಮಾರು 43,750. ಎರಡೂ ಸೇರಿ ಜಿಎಸ್‌ಟಿಗೆ ಮುಂಚೆ 1.41 ಲಕ್ಷದ ಹತ್ತಿರ.

ಈಗ ಅದೇ ಕಾಗದದಲ್ಲಿ 50ರ ಬದಲು 58 ಅಂತ ಬರೆಯಿರಿ. ಉಳಿಯುವುದು 40.6 ಲಕ್ಷ. ಕಂತು 1.28 ಲಕ್ಷಕ್ಕೆ ಇಳಿಯುತ್ತೆ. ಕಾರು ಅದೇ, ಬಡ್ಡಿ ಅದೇ. ಊಹೆ ಒಂದನ್ನು ಸ್ವಲ್ಪ ಮೇಲೆತ್ತಿದ್ದಕ್ಕೆ ತಿಂಗಳಿಗೆ 13,000 ಅಗ್ಗ ಆಯಿತು.

ಅಗ್ಗ ಆದರೆ ಒಳ್ಳೆಯದೇ ಅಲ್ವಾ? ಅದರಿಂದ ನನ್ನ ಸ್ವಂತ ಕಾರಿನ ಬೆಲೆ ಯಾಕೆ ಬೀಳಬೇಕು?

ಲೀಸ್ ತಗೊಂಡವರಿಗೆ ಒಳ್ಳೆಯದು. ನಗದು ಕೊಟ್ಟು ತಗೊಂಡವರಿಗೆ ಪೆಟ್ಟು. ಕಂತು ಕಡಿಮೆ ಆದಾಗ ಜನ ಜಾಸ್ತಿ ತಗೊಳ್ಳುತ್ತಾರೆ. ಫ್ಯಾಕ್ಟರಿ ಓಡುತ್ತೆ, ಷೋರೂಮ್ ಖಾಲಿಯಾಗುತ್ತೆ, ಲೆಕ್ಕಪತ್ರ ಚೆನ್ನಾಗಿ ಕಾಣುತ್ತೆ. ಆದರೆ ಲೀಸ್‌ಗೆ ಹೋದ ಕಾರಿಗೆ ವಾಪಸ್ ಬರುವ ತಾರೀಕು ಬರೆದಿರುತ್ತೆ. ಒಂದೇ ಹಬ್ಬದ ಸೀಸನ್‌ನಲ್ಲಿ ಹೋದವು ಮೂರು ವರ್ಷ ಬಿಟ್ಟು ಒಂದೇ ಸೀಸನ್‌ನಲ್ಲಿ ಬಂದು ನಿಲ್ಲುತ್ತವೆ. ಸ್ವಂತ ಕಾರು ಹಾಗಲ್ಲ. ಒಬ್ಬರು ಎರಡು ವರ್ಷಕ್ಕೆ ಮಾರುತ್ತಾರೆ, ಒಬ್ಬರು ಏಳು ವರ್ಷಕ್ಕೆ, ಒಬ್ಬರು ಮಗನಿಗೆ ಕೊಡುತ್ತಾರೆ.

ಉಡುಪಿ ಕಡೆಯವರಿಗೆ ಶಂಕರಪುರ ಮಲ್ಲಿಗೆ ಗೊತ್ತಿರುತ್ತೆ. ಅಟ್ಟೆಯ, ಅಂದರೆ ಕಟ್ಟಿದ ಹೂವಿನ ಒಂದು ಅಳತೆಯ, ರೇಟು ದಿನಾ ಬೇರೆ. ಹೂ ಅದೇ, ಪರಿಮಳ ಅದೇ. ಗಿಡ ಹೂವು ಸುರಿಸುವ ದಿನ, ಮದುವೆ ಮುಹೂರ್ತ ಇಲ್ಲದ ದಿನ ಎರಡೂ ಒಟ್ಟಿಗೆ ಬಂದರೆ ಬೆಳೆದವರ ಕೈಗೆ ಏನೂ ಉಳಿಯಲ್ಲ. ಲೀಸ್ ಮುಗಿದ ಕಾರುಗಳ ಕಥೆಯೂ ಇದೇ.

ಭಿವಂಡಿಯ ಒಂದು ಹರಾಜು ಯಾರ್ಡ್‌ನಲ್ಲಿ ನಾನು ಕಣ್ಣಾರೆ ನೋಡಿದ್ದು ಹೇಳುತ್ತೇನೆ. ಒಂದೇ ಕಂಪನಿಯ ದೊಡ್ಡ ಸಾಹೇಬರುಗಳು ಓಡಿಸಿದ ಐದು ಸೆಡಾನ್‌ಗಳು ಸಾಲಾಗಿ ನಿಂತಿದ್ದವು. ಐದೂ ಬಿಳಿ. ನಂಬರ್ ಪ್ಲೇಟ್ ಕೂಡ ಒಂದರ ಹಿಂದೆ ಒಂದು. ಮೊದಲನೆಯದು 31 ಲಕ್ಷಕ್ಕೆ ಹೋಯಿತು. ಎರಡನೆಯದಕ್ಕೆ ಕೂಗುವವರು ನಿಧಾನ ಮಾಡಿದರು, ಯಾಕೆಂದರೆ ಹಿಂದೆ ಇನ್ನೂ ಮೂರು ಇವೆ ಅಂತ ಎಲ್ಲರಿಗೂ ಕಾಣುತ್ತಿತ್ತು. ಕೊನೆಯದು 27.5 ಲಕ್ಷಕ್ಕೆ ಮುಗಿಯಿತು, ಓಡಿದ್ದು ಮೊದಲನೆಯದಕ್ಕಿಂತ ಕಡಿಮೆ ಆಗಿದ್ದರೂ. ಆ ವಾರ ಮುಲುಂಡ್‌ನಲ್ಲಿ ಅದೇ ಮಾಡೆಲ್ ಮಾರಲು ಕೂತಿದ್ದ ನನ್ನ ಗಿರಾಕಿಯೊಬ್ಬರಿಗೆ ಬಂದ ಫೋನುಗಳೆಲ್ಲ 27ರಿಂದಲೇ ಶುರುವಾದವು. ಅವರಿಗೂ ಆ ಯಾರ್ಡ್‌ಗೂ ಸಂಬಂಧವೇ ಇರಲಿಲ್ಲ.

ಲೀಸ್ ಊಹೆ ತಪ್ಪಾದರೆ ನಷ್ಟ ಯಾರಿಗೆ?

ಮೊದಲ ಪೆಟ್ಟು ಲೀಸ್ ಕೊಟ್ಟವರಿಗೆ. 2008ರಲ್ಲಿ ಅಮೆರಿಕದಲ್ಲಿ ಪೆಟ್ರೋಲ್ ದರ ಏರಿ ದೊಡ್ಡ ಎಸ್‌ಯುವಿಗಳನ್ನು ಕೇಳುವವರಿಲ್ಲದಾಗ ಫೋರ್ಡ್‌ನ ಸಾಲದ ಕಂಪನಿ ಒಂದೇ ತ್ರೈಮಾಸಿಕದಲ್ಲಿ 210 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಕ್ರೈಸ್ಲರ್‌ನ ಸಾಲದ ಕಂಪನಿ ಆ ಆಗಸ್ಟ್‌ನಿಂದ ಲೀಸ್ ಕೊಡುವುದನ್ನೇ ನಿಲ್ಲಿಸಿತು. 2021, 2022ರಲ್ಲಿ ಉಲ್ಟಾ ಆಯಿತು. ಚಿಪ್ ಕೊರತೆಯಿಂದ ಹೊಸ ಕಾರು ಸಿಗದೆ ಹಳೆ ಕಾರಿನ ಬೆಲೆ ಏರಿತು, ಕಾಗದದಲ್ಲಿ ಬರೆದ ಬೆಲೆ ಪೇಟೆ ಬೆಲೆಗಿಂತ ಕಡಿಮೆ ಇತ್ತು, ಜನ ಕಾರನ್ನು ವಾಪಸ್ ಕೊಡದೆ ತಾವೇ ಕೊಂಡುಕೊಂಡರು.

ಎರಡನೇ ಪೆಟ್ಟು ಅಕ್ಕಪಕ್ಕದ ಮಾಲೀಕರಿಗೆ. ಅದನ್ನು ಯಾರೂ ಎಲ್ಲೂ ಬರೆದಿಡುವುದಿಲ್ಲ.

ನಮ್ಮ ದೇಶದಲ್ಲಿ ಲೀಸ್ ಅಷ್ಟಾಗಿ ಇಲ್ಲವಲ್ಲ. ನಮಗೇನು ಸಂಬಂಧ?

ಅಮೆರಿಕ, ಜರ್ಮನಿಯಷ್ಟು ಇಲ್ಲ, ನಿಜ. ಆದರೆ ಬೇರೆ ಹೆಸರಿನಲ್ಲಿ ಇದೇ ಕೆಲಸ ಇಲ್ಲೂ ನಡೆಯುತ್ತಿದೆ. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್, ಲೋವರ್ ಪರೇಲ್ ಕಡೆ ಬೆಳಿಗ್ಗೆ ಒಂಬತ್ತಕ್ಕೆ ನಿಂತು ನೋಡಿ, ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತವರ ಎಷ್ಟೋ ಕಾರುಗಳು ಕಂಪನಿ ಕೊಟ್ಟವು. ಕಂಪನಿ ಕಾರಿಗೆ ತೆರಿಗೆ ಲೆಕ್ಕ ಕಾರಿನ ಬೆಲೆ ಮೇಲೆ ಅಲ್ಲ, ಎಂಜಿನ್ 1.6 ಲೀಟರ್‌ಗಿಂತ ದೊಡ್ಡದಾ ಚಿಕ್ಕದಾ ಅನ್ನೋದರ ಮೇಲೆ ಬಹಳ ವರ್ಷ ನಡೆದುಬಂತು. ಹಾಗಾಗಿ ದೊಡ್ಡ ಸಂಬಳದವರಿಗೆ ಸಂಬಳದ ಒಂದು ಭಾಗವನ್ನು ಕಾರಿನ ರೂಪದಲ್ಲಿ ತಗೊಂಡರೆ ಲಾಭ. ಇವು ಮೂರು, ನಾಲ್ಕು ವರ್ಷಕ್ಕೆ ಬದಲಾಗುತ್ತವೆ.

ಅದರ ಜೊತೆ ಕಾರು ಕಂಪನಿಗಳದ್ದೇ ಸಾಲದ ಯೋಜನೆಗಳಿವೆ. ಕೊನೆಯ ಕಂತು ದೊಡ್ಡದು ಇಟ್ಟು, ಬೇಡ ಅಂದರೆ ಇಷ್ಟು ಬೆಲೆಗೆ ನಾವೇ ತಗೊಳ್ಳುತ್ತೇವೆ ಅಂತ ಬರೆದುಕೊಡುತ್ತಾರೆ. ಹೆಸರು ಸಾಲ, ಒಳಗಿನ ಲೆಕ್ಕ ಲೀಸ್‌ನದ್ದೇ.

ಷೋರೂಮಿನವರು ಬೈಬ್ಯಾಕ್ ಗ್ಯಾರಂಟಿ (ಇಷ್ಟು ಬೆಲೆಗೆ ನಾವೇ ವಾಪಸ್ ತಗೊಳ್ಳುತ್ತೇವೆ ಅನ್ನೋ ಭರವಸೆ) ಕೊಡುತ್ತಾರೆ. ನಂಬಬಹುದಾ?

ಕಾಗದವನ್ನು ನಂಬಿ, ಬಾಯಿ ಮಾತನ್ನು ಬೇಡ. ಘಾಟ್ಕೋಪರ್‌ನ ನಮ್ಮ ಹೋಟೆಲ್ ಶೆಟ್ರೊಬ್ಬರು ಈ ಭರವಸೆ ಮೇಲೇ ಎಸ್‌ಯುವಿ ತಗೊಂಡರು. ವರ್ಷಕ್ಕೆ 10,000 ಕಿಲೋಮೀಟರ್ ಮಿತಿ ಅಂತ ಎರಡನೇ ಪುಟದಲ್ಲಿತ್ತು. ಅವರಿಗೆ ಆಗಾಗ ಊರು, ಕುಂದಾಪುರ. ಮೂರು ವರ್ಷಕ್ಕೆ ಮೀಟರ್ 48,000 ತೋರಿಸಿತು. ಮೇಲಿನ 18,000 ಕಿಲೋಮೀಟರ್‌ಗೆ ಒಂದು ಕಡಿತ, ಬಂಪರ್ ಗೀರಿಗೆ ಒಂದು ಕಡಿತ, ಅಲಾಯ್ ಚಕ್ರದ ಅಂಚು ಸವೆದಿದ್ದಕ್ಕೆ ಇನ್ನೊಂದು. ನಾನು ಜೊತೆಗಿದ್ದೆ. "ಅಣ್ಣ, ಇದು ಮೊದಲೇ ಹೇಳಬಾರದಿತ್ತಾ" ಅಂದರು ನನಗೆ. ಕೊಳ್ಳುವಾಗ ನನ್ನನ್ನು ಕೇಳಿರಲಿಲ್ಲ, ಆದರೂ ಆ ಮಾತು ಇವತ್ತಿಗೂ ಮನಸ್ಸಿನಲ್ಲಿದೆ. ಈ ಪುಟ ಬರೆಯೋಕೆ ಅದೂ ಒಂದು ಕಾರಣ.

ಇನ್ನೊಂದು ಮುಖ್ಯ ವಿಷಯ. ಬಹಳ ಕಡೆ ಆ ಬೆಲೆ ಸಿಗೋದು ಅವರ ಹತ್ತಿರವೇ ಇನ್ನೊಂದು ಹೊಸ ಕಾರು ತಗೊಂಡರೆ ಮಾತ್ರ. ಕೈಗೆ ಹಣ ಬೇಕು ಅಂದರೆ ರೇಟು ಬೇರೆ. ಇದನ್ನು ಸಹಿ ಮುಂಚೆ ಕೇಳಿ.

ಕಂಪನಿ ಹೆಸರಿನಲ್ಲಿದ್ದ ಕಾರು ತಗೊಳ್ಳಬಹುದಾ?

ಧೈರ್ಯವಾಗಿ ತಗೊಳ್ಳಿ, ಸರ್ವಿಸ್ ದಾಖಲೆ ಪೂರ್ತಿ ಇದ್ದರೆ. ಮಹಾರಾಷ್ಟ್ರದಲ್ಲಿ ಕಂಪನಿ ಹೆಸರಿನ ಕಾರಿಗೆ ರಸ್ತೆ ತೆರಿಗೆ 20 ಪರ್ಸೆಂಟ್, ಸ್ವಂತ ಹೆಸರಿಗಿಂತ ಜಾಸ್ತಿ. ಆ ಹೆಚ್ಚಿನ ತೆರಿಗೆ ಮೊದಲ ಮಾಲೀಕರ ಖಾತೆಗೆ ಹೋದದ್ದು, ನಿಮ್ಮ ಬೆಲೆಯಲ್ಲಿ ಅದನ್ನು ಸೇರಿಸಲು ಬಿಡಬೇಡಿ.

ಕಡಿಮೆ ತಯಾರಾದ ಕಾರಿಗೆ ಬೆಲೆ ನಿಲ್ಲುತ್ತೆ ಅಲ್ವಾ?

ಜನ ಅತಿ ಹೆಚ್ಚು ತಪ್ಪು ತಿಳಿದಿರುವ ವಿಷಯ ಇದೇ. ಬರೀ ಕಡಿಮೆ ಇದ್ದರೆ ಸಾಲದು. ಕೇಳುವವರಿಗಿಂತ ಕಡಿಮೆ ಇರಬೇಕು.

2002ರಿಂದ 2012ರವರೆಗೆ ಮರ್ಸಿಡಿಸ್‌ನವರ ಅತಿ ದುಬಾರಿ ಕಾರು ಮೇಬ್ಯಾಕ್ 57 ಮತ್ತು 62 ಎರಡೂ ಸೇರಿ ಪ್ರಪಂಚದಲ್ಲಿ ತಯಾರಾದದ್ದು ಸುಮಾರು 3,000 ಮಾತ್ರ. ಅಷ್ಟು ಅಪರೂಪ. ಆದರೂ ಮೊದಲ ಕೆಲವು ವರ್ಷದಲ್ಲೇ ಬೆಲೆ ಪಾತಾಳಕ್ಕೆ ಹೋಯಿತು. ಹೊಸದಕ್ಕೇ ಗಿರಾಕಿ ಇಲ್ಲದ ಕಾರಿನ ಹಳೆಯದನ್ನು ಯಾರು ಕೇಳುತ್ತಾರೆ? ಇನ್ನೊಂದು ಕಡೆ ಪೋರ್ಷೆ 911 ನೋಡಿ. 2024 ಒಂದೇ ವರ್ಷದಲ್ಲಿ ಸುಮಾರು 50,000 ಹೋಗಿವೆ. ಆದರೂ ಪೋರ್ಷೆಯ ಮಾಡೆಲ್‌ಗಳಲ್ಲಿ ಬೆಲೆ ಗಟ್ಟಿಯಾಗಿ ಹಿಡಿದಿರುವುದು ಅದೇ. ಹತ್ತು ವರ್ಷಕ್ಕೆ 3,000 ತಯಾರಾದದ್ದು ಬಿದ್ದಿತು, ವರ್ಷಕ್ಕೆ 50,000 ತಯಾರಾಗುವುದು ನಿಂತಿತು. ಸಂಖ್ಯೆ ಒಂದನ್ನೇ ನೋಡಿದರೆ ಇದು ಅರ್ಥವೇ ಆಗಲ್ಲ.

ಫೆರಾರಿಯವರಿಗೆ ಇದು ಚೆನ್ನಾಗಿ ಗೊತ್ತು. 2012ರಲ್ಲಿ 7,318 ಕಾರು ಮಾರಿದ ಮೇಲೆ, 2013ರಲ್ಲಿ ಬೇಡಿಕೆ ಇದ್ದರೂ 7,000ದ ಒಳಗೇ ನಿಲ್ಲಿಸುತ್ತೇವೆ ಅಂತ ಹೇಳಿ 6,922ಕ್ಕೆ ನಿಲ್ಲಿಸಿದರು. ಈಗ ಮಿತಿ ಸಡಿಲಾಗಿದೆ, 2024ರಲ್ಲಿ 13,752 ಮಾರಿದ್ದಾರೆ, ಆದರೂ ಕಾಯುವವರ ಸರದಿ ಕರಗಿಲ್ಲ. ಹೋಲಿಕೆಗೆ ಹೇಳುತ್ತೇನೆ, ಅದೇ ವರ್ಷ ಮರ್ಸಿಡಿಸ್ ನಮ್ಮ ದೇಶ ಒಂದರಲ್ಲೇ 19,565 ಕಾರು ಮಾರಿದೆ. ಫೆರಾರಿ ಇಡೀ ಪ್ರಪಂಚಕ್ಕೆ ಮಾರಿದ್ದಕ್ಕಿಂತ ಇದು ಜಾಸ್ತಿ. ಮರ್ಸಿಡಿಸ್ ಕೆಟ್ಟದ್ದು ಅಂತ ಅಲ್ಲ, ಒಳ್ಳೆಯ ಕಾರೇ. ಆದರೆ ಮೂರು ವರ್ಷ ಬಿಟ್ಟು ನೀವು ಮಾರುವಾಗ ಪಕ್ಕದ ಸೊಸೈಟಿಯಲ್ಲೂ ಒಂದು ಮಾರಾಟಕ್ಕೆ ಇರುತ್ತೆ.

ಟೊಯೋಟಾ ಲ್ಯಾಂಡ್ ಕ್ರೂಸರ್ 300 ಇನ್ನೊಂದು ಉದಾಹರಣೆ. 2021ರಲ್ಲಿ ಬಂದಾಗ ಜಪಾನಿನಲ್ಲಿ ಸರದಿ ವರ್ಷಗಟ್ಟಲೆ ಬೆಳೆಯಿತು, ಒಂದು ವರ್ಷ ಮರುಮಾರಾಟ ಮಾಡುವುದಿಲ್ಲ ಅಂತ ಗಿರಾಕಿಗಳ ಹತ್ತಿರ ಬರೆಸಿಕೊಂಡರು.

ಪುಣೆಯಲ್ಲಿ ಜೋಡಿಸಿದ ಕಾರು ಒಳ್ಳೆಯದಾ, ಹೊರದೇಶದಿಂದ ಪೂರ್ತಿ ತಯಾರಾಗಿ ಬಂದದ್ದಾ?

ರೀಸೇಲ್ ದೃಷ್ಟಿಯಿಂದ ಹೇಳುವುದಾದರೆ ನಾನು ಜೋಡಿಸಿದ್ದನ್ನೇ ಆರಿಸುತ್ತೇನೆ. ಮರ್ಸಿಡಿಸ್ ಚಾಕಣದಲ್ಲಿ ಜೋಡಿಸುತ್ತದೆ, ಜಾಗ್ವಾರ್ ಲ್ಯಾಂಡ್ ರೋವರ್ ಕೂಡ ಪುಣೆಯಲ್ಲೇ, ಬಿಎಂಡಬ್ಲ್ಯು ಚೆನ್ನೈ ಬಳಿ, ವೋಲ್ವೊ ನಮ್ಮ ಹೊಸಕೋಟೆಯಲ್ಲಿ. ಬಿಡಿಭಾಗ ತಂದು ಇಲ್ಲಿ ಜೋಡಿಸಿದರೆ ಸುಂಕ ಬಹಳ ಕಡಿಮೆ. ಪೂರ್ತಿ ಕಾರಾಗಿ ಬಂದ ದುಬಾರಿ ಮಾಡೆಲ್‌ಗೆ ವರ್ಷಗಟ್ಟಲೆ ನೂರು ಪರ್ಸೆಂಟಿಗಿಂತ ಜಾಸ್ತಿ ಸುಂಕ ಬಿದ್ದಿದೆ.

ಅಂದರೆ ನೀವು ಕೊಟ್ಟ ಬೆಲೆಯಲ್ಲಿ ದೊಡ್ಡ ಭಾಗ ಸುಂಕ. ಆ ಸುಂಕ ಇಳಿದ ದಿನ ನಿಮ್ಮ ಹಳೆ ಕಾರಿನ ಬೆಲೆಯೂ ಇಳಿಯುತ್ತೆ. 2024ರ ಮೇ ತಿಂಗಳಲ್ಲಿ ರೇಂಜ್ ರೋವರ್ ಮತ್ತು ರೇಂಜ್ ರೋವರ್ ಸ್ಪೋರ್ಟ್ ಎರಡನ್ನೂ ಪುಣೆಯಲ್ಲೇ ಜೋಡಿಸುತ್ತೇವೆ ಅಂತ ಘೋಷಣೆ ಬಂತು. ಹೊಸದರ ಬೆಲೆ ಒಂದೇ ಏಟಿಗೆ ಹತ್ತಾರು ಲಕ್ಷ ಇಳಿಯಿತು. ಹಿಂದಿನ ವರ್ಷವಷ್ಟೇ ಹಳೆ ಬೆಲೆಗೆ ತಗೊಂಡು, ಇನ್ನೂ ಸೀಟಿನ ಪ್ಲಾಸ್ಟಿಕ್ ಕೂಡ ತೆಗೆಯದವರು ಇದ್ದರು. ಅವರ ಕಾರು ಹೆಚ್ಚು ಓಡಿರಲಿಲ್ಲ, ಕೆಟ್ಟಿರಲಿಲ್ಲ. ತಯಾರಾಗುವ ಜಾಗ ಬದಲಾಯಿತು, ಅಷ್ಟೇ. ಬ್ರಿಟನ್ ಜೊತೆ 2025ರ ಜುಲೈನಲ್ಲಿ ಸಹಿಯಾದ ಒಪ್ಪಂದದಲ್ಲೂ ಒಂದು ಮಿತಿಯ ಸಂಖ್ಯೆಯ ಕಾರುಗಳಿಗೆ ಸುಂಕ ಹಂತ ಹಂತವಾಗಿ 10 ಪರ್ಸೆಂಟ್‌ವರೆಗೆ ಇಳಿಸುವ ಮಾತಿದೆ. ಪೂರ್ತಿ ಆಮದಾದ ಬ್ರಿಟಿಷ್ ಕಾರು ಇಟ್ಟುಕೊಂಡವರು ಇದನ್ನು ಲೆಕ್ಕಕ್ಕೆ ತಗೊಳ್ಳಿ.

2025ರ ಜಿಎಸ್‌ಟಿ ಬದಲಾವಣೆಯಿಂದ ಹಳೆ ಕಾರಿಗೆ ಏನಾಯಿತು?

ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲೆ ಸೆಸ್ ಅನ್ನೋ ಹೆಚ್ಚುವರಿ ತೆರಿಗೆ ಹೋಗಿ ಒಟ್ಟು ಜಿಎಸ್‌ಟಿ 40 ಪರ್ಸೆಂಟ್ ಆಯಿತು. ಮುಂಚೆ ದೊಡ್ಡ ಎಸ್‌ಯುವಿಗೆ ಸೆಸ್ ಸೇರಿ 50. ತೆರಿಗೆ ಇಲ್ಲದೆ 50 ಲಕ್ಷದ ಕಾರು 75ರ ಬದಲು 70 ಲಕ್ಷಕ್ಕೆ ಬಂತು. ಹಳೆ ಕಾರಿನ ಗಿರಾಕಿ ಮೊದಲು ನೋಡುವುದೇ ಹೊಸದರ ಬೆಲೆ, ಹಾಗಾಗಿ ಅದೇ ವಾರದಿಂದ ಎಲ್ಲರೂ ಕಡಿಮೆಗೆ ಕೇಳಲು ಶುರು ಮಾಡಿದರು. ವರ್ಷದ ಕೊನೆಗೆ ಷೋರೂಮ್‌ನಲ್ಲಿ ಕೊಡುವ ಡಿಸ್ಕೌಂಟ್ ಕೂಡ ಹೀಗೇ ಕೆಲಸ ಮಾಡುತ್ತೆ. ಫ್ಯಾಕ್ಟರಿ ಬೇಡಿಕೆಗಿಂತ ಜಾಸ್ತಿ ತಯಾರಿಸಿದೆ ಅನ್ನೋದಕ್ಕೆ ಡಿಸೆಂಬರ್ ಡಿಸ್ಕೌಂಟಿಗಿಂತ ಒಳ್ಳೆ ಗುರುತು ಇಲ್ಲ.

ಎಲೆಕ್ಟ್ರಿಕ್ ಲಕ್ಷುರಿ ಕಾರು?

ಓಡಿಸಲು ಬಹಳ ಚೆನ್ನಾಗಿವೆ. ಹೊಸದು ತಗೊಂಡು ಬೇಗ ಮಾರುವ ಆಲೋಚನೆ ಇದ್ದರೆ ಬೇಡ. ಅಮೆರಿಕದ ಬಾಡಿಗೆ ಕಾರು ಕಂಪನಿ ಹರ್ಟ್ಜ್ 2021ರಲ್ಲಿ ಒಂದು ಲಕ್ಷ ಟೆಸ್ಲಾಗೆ ಆರ್ಡರ್ ಕೊಟ್ಟಿತ್ತು. 2023ರ ಜನವರಿಯಲ್ಲಿ ಟೆಸ್ಲಾ ತಾನೇ ಹೊಸ ಕಾರಿನ ಬೆಲೆ ಇಳಿಸಿತು, ಕೆಲವು ಮಾಡೆಲ್‌ಗೆ 20 ಪರ್ಸೆಂಟ್‌ವರೆಗೆ. 2024ರ ಜನವರಿಯಲ್ಲಿ ಹರ್ಟ್ಜ್ 20,000 ಎಲೆಕ್ಟ್ರಿಕ್ ಕಾರು ಮಾರಲು ಹೊರಟು 24.5 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಒಟ್ಟಿಗೆ ಕೊಂಡದ್ದು, ಒಟ್ಟಿಗೆ ಮಾರಿದ್ದು, ನಡುವೆ ಹೊಸದರ ಬೆಲೆ ಇಳಿದದ್ದು, ಮೂರೂ ಒಂದೇ ಕಾರಿನ ತಲೆ ಮೇಲೆ ಬಿದ್ದವು. ಎರಡು, ಮೂರು ವರ್ಷ ಹಳೆಯ ಎಲೆಕ್ಟ್ರಿಕ್ ಕಾರನ್ನು ಬ್ಯಾಟರಿ ವಾರಂಟಿ ನೋಡಿ ತಗೊಳ್ಳುವವರಿಗೆ ಮಾತ್ರ ಇದು ಒಳ್ಳೆ ಕಾಲ.

ಮುಂಬೈಯಲ್ಲಿ ಅಗ್ಗಕ್ಕೆ ತಗೊಂಡು ಬೆಂಗಳೂರಿಗೆ ಒಯ್ದರೆ ಲಾಭನಾ?

ಊರಿಗೆ ವಾಪಸ್ ಹೋಗುವವರು ಎಲ್ಲರೂ ಕೇಳುತ್ತಾರೆ. ಕಾಗದ ಸರಿ ಮಾಡಿಸಿದರೆ ಲಾಭ ಬಹಳ ಕಡಿಮೆ, ಮಾಡಿಸದಿದ್ದರೆ ದೊಡ್ಡ ತಲೆನೋವು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ರಸ್ತೆ ತೆರಿಗೆ 18 ಪರ್ಸೆಂಟ್, ಮೇಲೆ ಸೆಸ್. ಹೊರ ರಾಜ್ಯದ ಕಾರು ವರ್ಷ ದಾಟಿ ಅಲ್ಲೇ ಓಡಿದರೆ ಕಾರಿನ ವಯಸ್ಸಿನ ಪ್ರಕಾರ ತೆರಿಗೆ ಕಟ್ಟಬೇಕು. ಮಹಾರಾಷ್ಟ್ರದಲ್ಲಿ ಈ ತೆರಿಗೆಗೆ ಮೇಲಿನ ಮಿತಿ ಇದೆ, 2025ರ ಜುಲೈಯಿಂದ 30 ಲಕ್ಷ. ಅದಕ್ಕೇ ತುಂಬಾ ದುಬಾರಿ ಕಾರುಗಳು ಇಲ್ಲಿನ ನಂಬರಿನಲ್ಲಿ ಅಲ್ಲಿ ಓಡುತ್ತವೆ. ಅದೇ ಜುಲೈನಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಯನ್ನು ಹಿಡಿದು ಸುಮಾರು 1.4 ಕೋಟಿ ತೆರಿಗೆ ಕಟ್ಟಿಸಿಕೊಂಡರು. ಆರ್‌ಟಿಒ ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇಲ್ಲದೆ ಕಾರು ತಗೊಂಡು ಘಟ್ಟ ಹತ್ತಬೇಡಿ.

ಗೋವಾದ ಫ್ಲಾಟ್‌ನಲ್ಲಿ ನಿಲ್ಲಿಸಿದ ಕಾರು, ಕಡಿಮೆ ಓಡಿದೆ ಅಂತಾರೆ.

ಕಡಿಮೆ ಓಡಿದ್ದಕ್ಕೇ ಜಾಗ್ರತೆ. ಸಮುದ್ರದ ಗಾಳಿಗೆ ಕೆಳಗಿನ ಬೋಲ್ಟು, ಬ್ರೇಕ್ ಡಿಸ್ಕ್ ತುಕ್ಕು ಹಿಡಿದಿರುತ್ತವೆ. ಲಿಫ್ಟ್ ಮೇಲೆ ಎತ್ತಿಸಿ ನೋಡದೆ ಮುಂಗಡ ಕೊಡಬೇಡಿ.

ಹಾಗಾದರೆ ನಾನು ಹೊಸದು ತಗೊಳ್ಳಲಾ, ಮೂರು ವರ್ಷದ್ದಾ?

ಹತ್ತು ವರ್ಷ ಇಟ್ಟುಕೊಳ್ಳುತ್ತೀರಿ ಅಂದರೆ ಹೊಸದು ತಗೊಳ್ಳಿ, ರೀಸೇಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕೈದು ವರ್ಷಕ್ಕೆ ಬದಲಿಸುವವರು ಕಂಪನಿಯಿಂದ ವಾಪಸ್ ಬಂದ, ಮೂರು ವರ್ಷದ, ಜಾಸ್ತಿ ಸಂಖ್ಯೆಯಲ್ಲಿ ಇರುವ ಮಾಡೆಲ್ ತಗೊಳ್ಳಿ. ಮಾರುವವರಿಗೆ ಶಾಪವಾದ ಆ ಸಂಖ್ಯೆ ಕೊಳ್ಳುವವರಿಗೆ ವರ. ಬಿಡಿಭಾಗ ಸಿಗುತ್ತೆ, ಮೆಕ್ಯಾನಿಕ್ ಸಿಗುತ್ತಾರೆ, ಚೌಕಾಸಿಗೆ ಜಾಗ ಇರುತ್ತೆ.

ನೋಡಲು ಹೋದಾಗ ಹಗಲು ಹೊತ್ತು ಹೋಗಿ. ಎರಡನೇ ಕೀ ಕೇಳಿ. ಟೈರ್ ಪಕ್ಕದ ನಾಲ್ಕು ಅಂಕಿ ಓದಿ, 2322 ಅಂದರೆ 2022ರ 23ನೇ ವಾರ, ಮೀಟರ್ ಹೇಳುವುದಕ್ಕೂ ಅದಕ್ಕೂ ತಾಳೆ ಆಗಬೇಕು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಮಳೆ ನೀರಿನಲ್ಲಿ ಮುಳುಗಿದ ಕಾರಾದರೆ ಬೆಲ್ಟಿನ ಒಳ ತುದಿಯಲ್ಲಿ ಮಣ್ಣಿನ ಗೆರೆ ಇರುತ್ತೆ. ಅದನ್ನು ತೊಳೆಯುವುದನ್ನು ಎಷ್ಟೋ ಜನ ಮರೆತಿರುತ್ತಾರೆ. ಆರ್‌ಸಿಯಲ್ಲಿ ಸಾಲದ ಬ್ಯಾಂಕಿನ ಹೆಸರಿದ್ದರೆ ಅದನ್ನು ತೆಗೆಸಲು ಫಾರ್ಮ್ 35, ವರ್ಗಾವಣೆಗೆ 29 ಮತ್ತು 30, ಬೇರೆ ರಾಜ್ಯಕ್ಕಾದರೆ 28 ಬೇಕು. ಕಾರು ಲೀಸ್ ಕಂಪನಿ ಹೆಸರಿನಲ್ಲಿದ್ದರೆ ಸಹಿ ಅವರದ್ದೇ ಬೇಕು, ಓಡಿಸುತ್ತಿದ್ದ ಸಾಹೇಬರ ಸಹಿ ನಡೆಯಲ್ಲ. ಈ ಒಂದು ಸಹಿಗೆ ಕಾಯುತ್ತಾ ಮೂರು ತಿಂಗಳು ಕಳೆದವರನ್ನು ನೋಡಿದ್ದೇನೆ, ಆದ್ದರಿಂದ ಅದು ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.